ಟ್ರಯಲ್ ಬ್ಯಾಲೆನ್ಸ್ ಟ್ಯಾಲಿ ಆಯ್ತು, ಪದ ಮಾತ್ರ ತಪ್ಪಾಯ್ತು!

(ಈ ವಾರದ ಎಪಿಸೋಡ್‌ನ ಬರಹ ರೂಪ. ಓದೋಕೆ ಅನುಕೂಲ ಆಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)



ಹೋದ ವಾರ ಒಂದು ವಾಯ್ಸ್ ಮೆಸೇಜ್ ಬಂತು. ಕಳಿಸಿದ್ದು ಬಿ.ಕಾಂ ಕೊನೆಯ ವರ್ಷದ ಹುಡುಗಿ. ಹತ್ತನೇ ಕ್ಲಾಸ್‌ವರೆಗೆ ಕನ್ನಡ ಮೀಡಿಯಂ. ಜೀವನದ ಮೊದಲ ರೆಸ್ಯೂಮೆ ಮಾಡ್ಕೊಂಡು ಮೊದಲ ಇಂಟರ್‌ವ್ಯೂಗೆ ಹೋಗಿದ್ದಾರೆ. ಆ ರೆಸ್ಯೂಮೆಯಲ್ಲಿ ‘ಟ್ರಯಲ್ ಬ್ಯಾಲೆನ್ಸ್’ ಅಂತ ಇರಬೇಕಾದ ಕಡೆ ‘ಟ್ರೇಲ್ ಬ್ಯಾಲೆನ್ಸ್’ ಅಂತ ಆಗಿತ್ತು. ಐ ಮತ್ತು ಎ, ಎರಡು ಅಕ್ಷರ ಜಾಗ ಬದಲಾಯಿಸಿಕೊಂಡಿದ್ದವು, ಅಷ್ಟೇ. ಟ್ರೇಲ್ ಅಂದ್ರೆ ಕಾಲುದಾರಿ. ಇಂಟರ್‌ವ್ಯೂ ಮಾಡ್ತಿದ್ದವರು ಅದನ್ನ ಜೋರಾಗಿ ಓದಿ, "ಏನಮ್ಮಾ, ಟ್ರೆಕ್ಕಿಂಗ್‌ಗೆ ಹೊರಟಿದ್ದೀಯಾ?" ಅಂದ್ರಂತೆ. ಪಕ್ಕದಲ್ಲಿದ್ದವರೂ ನಕ್ಕರಂತೆ.

ಮೆಸೇಜಿನ ಕೊನೆಯಲ್ಲಿ ಅವರ ಧ್ವನಿ ಸ್ವಲ್ಪ ಸಣ್ಣದಾಯ್ತು. "ಅಣ್ಣಾ, ಆ ಪದ ಮೂರು ವರ್ಷದಿಂದ ಓದ್ತಿದೀನಿ. ರೆಸ್ಯೂಮೆ ನಾಲ್ಕು ಸಲ ಚೆಕ್ ಮಾಡಿದೀನಿ. ಕಂಪ್ಯೂಟರ್ ಕೂಡ ಕೆಂಪು ಗೆರೆ ತೋರಿಸ್ಲಿಲ್ಲ. ಇಂಗ್ಲಿಷ್ ನನ್ನ ತಲೆಗೆ ಹತ್ತೋದೇ ಇಲ್ವಾ?"

ಇವತ್ತಿನ ಎಪಿಸೋಡ್ ಆ ಪ್ರಶ್ನೆಗೆ ಉತ್ತರ. ವಿಷಯ ಏನಂದ್ರೆ, ಅದೇ ಅಕ್ಷರಗಳಿಂದ ಬೇರೆ ಬೇರೆ ಅರ್ಥ ಕೊಡೋ ಇಂಗ್ಲಿಷ್ ಪದಗಳು.

ನಾನು ‘ಕಾಡು ಉಳಿಸಿದ’ ಕಥೆ

ಮೊದಲು ನನ್ನ ಮಾನ ನಾನೇ ಕಳೆದುಕೊಳ್ತೀನಿ. ನಾನೂ ಕನ್ನಡ ಮೀಡಿಯಂ, ನಾನೂ ಬಿ.ಕಾಂ. ಡಿಗ್ರಿ ಮುಗಿದ ಹೊಸತರಲ್ಲಿ ಒಂದು ಕಂಪನಿಯವರು ಫೋನ್‌ನಲ್ಲಿ ಇಪ್ಪತ್ತು ನಿಮಿಷ ಮಾತಾಡಿಸಿದ್ರು. ಮಾತು ಚೆನ್ನಾಗೇ ಆಯ್ತು. ಫೋನ್ ಇಟ್ಟ ಮೇಲೆ ಥ್ಯಾಂಕ್ಸ್ ಹೇಳಿ ಒಂದು ಮೇಲ್ ಹಾಕಬೇಕು ಅಂತ ಯಾರೋ ಹೇಳಿದ್ದು ನೆನಪಾಯ್ತು. ಹಾಕಿದೆ. ‘ಕಾನ್ವರ್ಸೇಶನ್’ಗೆ ಧನ್ಯವಾದ ಹೇಳಬೇಕಿತ್ತು, ನಾನು ‘ಕನ್ಸರ್ವೇಶನ್’ಗೆ ಧನ್ಯವಾದ ಹೇಳಿದ್ದೆ. ಮೊದಲನೆಯದು ಮಾತುಕತೆ. ಎರಡನೆಯದು ಸಂರಕ್ಷಣೆ, ಅಂದ್ರೆ ಕಾಡು, ಪ್ರಾಣಿ, ನೀರು ಉಳಿಸೋದು. ಎರಡನೇ ಸುತ್ತಿಗೆ ಹೋದಾಗ ಅಲ್ಲಿದ್ದವರೊಬ್ಬರು ನಗ್ತಾ ಕೇಳಿದ್ರು: "ಅವತ್ತು ನಾವಿಬ್ರೂ ಸೇರಿ ಯಾವ ಕಾಡು ಉಳಿಸಿದ್ವಿ?"

ಕೆಲಸ ಸಿಗಲಿಲ್ಲ. ಆ ಮೇಲ್‌ನಿಂದಲೇ ಸಿಗಲಿಲ್ಲ ಅಂತ ನಾನು ಹೇಳಲ್ಲ. ಆದ್ರೆ ಆಮೇಲೆ ಎರಡು ತಿಂಗಳು ನಾನು ಯಾರಿಗೂ ಇಂಗ್ಲಿಷ್‌ನಲ್ಲಿ ಮೇಲ್ ಬರೆಯಲಿಲ್ಲ. ಬರೆದಿದ್ರೆ ಸಿಗಬಹುದಾಗಿದ್ದ ಕೆಲಸಗಳು ಎಷ್ಟಿದ್ವೋ! ನಿಜವಾದ ನಷ್ಟ ಅದು.

ಒಂಬತ್ತರಿಂದ ಭಾಗಿಸು

ಕೊನೆಗೆ ಸೇರಿದ್ದು ಒಂದು ಸಣ್ಣ ಅಕೌಂಟ್ಸ್ ಆಫೀಸ್. ಅಲ್ಲಿ ಒಬ್ಬ ಹಿರಿಯರಿದ್ರು, ಎಲ್ಲರೂ ಅವರನ್ನ ‘ಸರ್’ ಅಂತಿದ್ವಿ. ಒಂದಿನ ಸಂಜೆ ನನ್ನ ಲೆಕ್ಕ ಟ್ಯಾಲಿ ಆಗ್ತಿಲ್ಲ. ₹180 ವ್ಯತ್ಯಾಸ. ಒಂದು ಗಂಟೆ ಹುಡುಕಿದೆ. ಸರ್ ಬಂದು ನೋಡಿ, "180ನ ಒಂಬತ್ತರಿಂದ ಭಾಗಿಸು" ಅಂದ್ರು. ಸರಿಯಾಗಿ 20 ಬಂತು, ಶೇಷ ಇಲ್ಲ. "ಹಾಗಾದ್ರೆ ಎಲ್ಲೋ ಅಂಕಿ ಅದಲುಬದಲಾಗಿದೆ, ಅದನ್ನೇ ಹುಡುಕು" ಅಂದ್ರು. ಹುಡುಕಿದ್ರೆ ಸಿಕ್ತು: 5,460 ಬರೆಯೋ ಕಡೆ 5,640 ಬರೆದಿದ್ದೆ.

ಇದಕ್ಕೆ ಅಕೌಂಟ್ಸ್ ಭಾಷೆಯಲ್ಲಿ ಟ್ರಾನ್ಸ್‌ಪೊಸಿಷನ್ ಎರರ್ ಅಂತಾರೆ. ಗುಟ್ಟು ತುಂಬಾ ಸರಳ. 54ನ್ನ 45 ಅಂತ ಬರೆದ್ರೆ ವ್ಯತ್ಯಾಸ 9. 82ನ್ನ 28 ಅಂತ ಬರೆದ್ರೆ 54, ಅದೂ ಒಂಬತ್ತರ ಮಗ್ಗಿಯಲ್ಲೇ ಇದೆ. ಒಂದು ಅಂಕಿ ಹತ್ತರ ಸ್ಥಾನದಿಂದ ಬಿಡಿ ಸ್ಥಾನಕ್ಕೆ ಇಳಿದ್ರೆ ಅದರ ಬೆಲೆ ಹತ್ತು ಪಟ್ಟಿನಿಂದ ಒಂದು ಪಟ್ಟಿಗೆ ಬರುತ್ತೆ, ಹೋಗಿದ್ದು ಒಂಬತ್ತು ಪಟ್ಟು. ಅಂಕಿಗಳನ್ನ ಹೇಗೇ ಕಲಸಿದ್ರೂ ವ್ಯತ್ಯಾಸ ಒಂಬತ್ತರಿಂದ ಭಾಗವಾಗಲೇಬೇಕು. ವ್ಯತ್ಯಾಸ ಒಂಬತ್ತರಿಂದ ಭಾಗವಾದ್ರೆ ಅದಲುಬದಲೇ ಆಗಿದೆ ಅನ್ನೋ ಗ್ಯಾರಂಟಿ ಇಲ್ಲ. ಆದ್ರೆ ಮೊದಲು ಎಲ್ಲಿ ಹುಡುಕಬೇಕು ಅಂತ ಗೊತ್ತಾಗುತ್ತೆ.

ಇನ್ನೊಂದು ವಿಷಯ ಗಮನಿಸಿ. ಮನುಷ್ಯರು ಅಂಕಿ ಅದಲುಬದಲು ಮಾಡ್ತಾರೆ ಅನ್ನೋದು ಜಗತ್ತಿಗೇ ಗೊತ್ತು, ಅದಕ್ಕೇ ಕಾವಲೂ ಇಟ್ಟಿದಾರೆ. ನಿಮ್ಮ ಡೆಬಿಟ್ ಕಾರ್ಡ್ ನಂಬರ್‌ನ ಕೊನೆಯ ಅಂಕಿ ಸುಮ್ಮನೆ ಬಂದಿದ್ದಲ್ಲ. ಐಬಿಎಂನ ಹನ್ಸ್ ಪೀಟರ್ ಲೂನ್ ರೂಪಿಸಿದ ಒಂದು ಸೂತ್ರದ ಪ್ರಕಾರ, ಉಳಿದ ಅಂಕಿಗಳಿಂದ ಅದು ಹುಟ್ಟುತ್ತೆ. ಆಧಾರ್‌ನ 12 ಅಂಕಿಗಳಲ್ಲಿ ಕೊನೆಯದೂ ಅಂಥದ್ದೇ ಕಾವಲುಗಾರ. ಅದರ ಹಿಂದಿರೋದು ಡಚ್ ಗಣಿತಜ್ಞ ಜೇಕೋಬಸ್ ವರ್ಹೋಫ್ 1969ರಲ್ಲಿ ಪ್ರಕಟಿಸಿದ ವಿಧಾನ. ಪಕ್ಕಪಕ್ಕದ ಎರಡು ಬೇರೆ ಅಂಕಿಗಳು ಅದಲುಬದಲಾದ್ರೆ ಅದು ಹಿಡಿದೇ ಹಿಡಿಯುತ್ತೆ.

ಅಂಕಿ ತಪ್ಪು ಮಾಡಿದ್ರೆ ಯಾರೂ "ನಿನಗೆ ತಲೆ ಇಲ್ವಾ" ಅನ್ನಲ್ಲ, "ಒಂಬತ್ತರಿಂದ ಭಾಗಿಸು" ಅಂತಾರೆ. ಅದೇ ತಪ್ಪು ಇಂಗ್ಲಿಷ್ ಅಕ್ಷರದಲ್ಲಿ ಆದ್ರೆ ನಗ್ತಾರೆ. ಎರಡೂ ಒಂದೇ ತಪ್ಪು, ಸ್ವಾಮಿ!

ಒಂದೇ ಚೀಲ, ಎರಡು ಪದ

ಒಂದು ಪದದ ಎಲ್ಲಾ ಅಕ್ಷರಗಳನ್ನ, ಒಂದೂ ಬಿಡದೆ, ಒಂದೂ ಸೇರಿಸದೆ, ಕಲಸಿ ಇನ್ನೊಂದು ಪದ ಮಾಡಿದ್ರೆ ಅದಕ್ಕೆ ಅನಗ್ರಾಮ್ ಅಂತಾರೆ. ಕನ್ನಡದಲ್ಲಿ ಅಕ್ಷರಪಲ್ಲಟ ಅನ್ನಬಹುದು. ಅಕ್ಷರಗಳನ್ನ ಒಂದು ಚೀಲಕ್ಕೆ ಹಾಕಿ ಅಲ್ಲಾಡಿಸಿ, ಬೇರೆ ಸಾಲಿನಲ್ಲಿ ಹೊರಗೆ ತೆಗೆದ ಹಾಗೆ.

ಕೆಲವು ಕಾಕತಾಳೀಯಗಳನ್ನ ನೋಡಿದ್ರೆ ನಗು ಬರುತ್ತೆ. ‘ಡೆಬಿಟ್ ಕಾರ್ಡ್’ನ ಒಂಬತ್ತು ಅಕ್ಷರ ಕಲಸಿದ್ರೆ ‘ಬ್ಯಾಡ್ ಕ್ರೆಡಿಟ್’. ‘ಡಾರ್ಮಿಟರಿ’ ಕಲಸಿದ್ರೆ ‘ಡರ್ಟಿ ರೂಮ್’. ಹಾಸ್ಟೆಲ್‌ನಲ್ಲಿ ಇದ್ದವರಿಗೆ ವಿವರಣೆ ಬೇಡ. ‘ಸ್ಕೂಲ್‌ಮಾಸ್ಟರ್’ ಕಲಸಿದ್ರೆ ‘ದ ಕ್ಲಾಸ್‌ರೂಮ್’. ಖಗೋಳ ವಿಜ್ಞಾನಿಗಳು, ಅಂದ್ರೆ ‘ಅಸ್ಟ್ರಾನಮರ್ಸ್’ ಕಲಸಿದ್ರೆ ‘ಮೂನ್ ಸ್ಟೇರರ್ಸ್’, ಚಂದ್ರನನ್ನೇ ನೋಡ್ತಾ ಕೂತವರು. ಜೂಜಿನ ‘ಸ್ಲಾಟ್ ಮಷೀನ್ಸ್’ ಕಲಸಿದ್ರೆ ‘ಕ್ಯಾಶ್ ಲಾಸ್ಟ್ ಇನ್ ಮಿ’, ನನ್ನೊಳಗೆ ದುಡ್ಡು ಹೋಯ್ತು.

ನನಗೆ ಅತೀ ಇಷ್ಟ ಆಗಿದ್ದು ಒಂದು ಲೆಕ್ಕ. ‘ಇಲೆವೆನ್ ಪ್ಲಸ್ ಟು’ ಕಲಸಿದ್ರೆ ‘ಟ್ವೆಲ್ವ್ ಪ್ಲಸ್ ಒನ್’. ಹನ್ನೊಂದಕ್ಕೆ ಎರಡು ಕೂಡಿದ್ರೂ 13, ಹನ್ನೆರಡಕ್ಕೆ ಒಂದು ಕೂಡಿದ್ರೂ 13. ಅಕ್ಷರ ಎಣಿಸಿ ನೋಡಿ, ಎರಡರಲ್ಲೂ 13!

ಪದ ಉದ್ದ ಆದಷ್ಟೂ ಜೋಡಿ ಸಿಗೋದು ಕಷ್ಟ. ಸಿಕ್ಕಿದ್ದರಲ್ಲೂ ಕೆಲವು ಸುಲಭದ ಆಟ. ‘ಓವರ್‌ಟೇಕ್’ ಮತ್ತು ‘ಟೇಕ್‌ಓವರ್’ ಥರ, ಎರಡು ರೈಲು ಬೋಗಿ ಹಿಂದೆ ಮುಂದೆ ಮಾಡಿದ ಹಾಗೆ. ಆದ್ರೆ ಒಂದು ಜೋಡಿ ಇದೆ, ಎದ್ದು ನಿಂತು ಚಪ್ಪಾಳೆ ಹೊಡೀಬೇಕು. ಸಿನಿಮಾ ಟೈಟಲ್ ಕಾರ್ಡ್‌ನಲ್ಲಿ ಬರೋ ‘ಸಿನೆಮಟೋಗ್ರಾಫರ್’, ಅಂದ್ರೆ ಛಾಯಾಗ್ರಾಹಕ. 15 ಅಕ್ಷರ. ಅವನ್ನೇ ಕಲಸಿದ್ರೆ ‘ಮೆಗಾಕೈರಾಪ್ಟರನ್’. ಏನದು ಅಂತೀರಾ? ಹಣ್ಣು ತಿನ್ನೋ ಬಾವಲಿಗಳ ಗುಂಪಿಗೆ ಸೇರಿದ ಪ್ರಾಣಿ. ಕ್ಯಾಮೆರಾ ಹಿಡಿದವನಿಗೂ ಮರಕ್ಕೆ ತಲೆಕೆಳಗಾಗಿ ನೇತಾಡೋ ಬಾವಲಿಗೂ ಒಂದೇ ಚೀಲ!

11 ಕೋಟಿ ಸಾಲು, ಎರಡೇ ಪದ

ಈಗ ನನ್ನ ಕಾನ್ವರ್ಸೇಶನ್ ಕಥೆಗೆ ವಾಪಸ್ ಬರೋಣ. ಆ ಪದದಲ್ಲಿ 12 ಅಕ್ಷರ. ಓ ಎರಡು ಸಲ, ಎನ್ ಎರಡು ಸಲ. ಈ 12 ಅಕ್ಷರಗಳನ್ನ ಎಷ್ಟು ಬೇರೆ ಬೇರೆ ಸಾಲಿನಲ್ಲಿ ಜೋಡಿಸಬಹುದು? ಪಿಯುಸಿ ಗಣಿತ ನೆನಪಿದ್ರೆ, 12 ಫ್ಯಾಕ್ಟೋರಿಯಲ್‌ನ ನಾಲ್ಕರಿಂದ ಭಾಗಿಸಬೇಕು. ಉತ್ತರ 11,97,50,400. ಹನ್ನೊಂದು ಕೋಟಿ ತೊಂಬತ್ತೇಳು ಲಕ್ಷ ಚಿಲ್ಲರೆ. ಸೆಕೆಂಡಿಗೆ ಒಂದರಂತೆ ಊಟ ನಿದ್ದೆ ಬಿಟ್ಟು ಬರೆಯುತ್ತಾ ಕೂತ್ರೆ ಸರಿಯಾಗಿ 1,386 ದಿನ ಬೇಕು. ನಮ್ಮ ಮೂರು ವರ್ಷದ ಬಿ.ಕಾಂ ಮುಗಿದು ಒಂಬತ್ತು ತಿಂಗಳು ಕಳೆದಿರುತ್ತೆ.

ಅಷ್ಟು ಕೋಟಿ ಸಾಲುಗಳಲ್ಲಿ ದಿನಬಳಕೆಯ ಇಂಗ್ಲಿಷ್ ಪದ ಅಂತ ನನಗೆ ಕಾಣೋದು ಎರಡೇ. ಆ ಎರಡರ ನಡುವೆ ವ್ಯತ್ಯಾಸ ಎಷ್ಟು? ನಾಲ್ಕನೇ ಜಾಗದ ವಿ ಮತ್ತು ಏಳನೇ ಜಾಗದ ಎಸ್ ಅದಲುಬದಲು. ಉಳಿದ ಹತ್ತು ಅಕ್ಷರ ಇದ್ದ ಜಾಗದಲ್ಲೇ ಇವೆ. ಒಂದೇ ಅಚ್ಚಿನ ಎರಡು ಬೀಗ, ಒಂದು ಹಲ್ಲು ಮಾತ್ರ ಬೇರೆ. ಕಣ್ಣು ಮೋಸ ಹೋಗದೆ ಇನ್ನೇನು ಮಾಡುತ್ತೆ?

ಟ್ಯಾಲಿ ಆದ್ರೂ ತಪ್ಪು

ಇಂಥ ಜೋಡಿಗಳನ್ನ ಕಂಪ್ಯೂಟರ್ ಹೇಗೆ ಹುಡುಕುತ್ತೆ ಗೊತ್ತಾ? ಕೋಟಿಗಟ್ಟಲೆ ಸಾಲು ಬರೆದು ನೋಡಲ್ಲ. ಪ್ರತಿ ಪದದ ಅಕ್ಷರಗಳನ್ನ ಎಬಿಸಿಡಿ ಕ್ರಮದಲ್ಲಿ ನಿಲ್ಲಿಸುತ್ತೆ. ಕಾನ್ವರ್ಸೇಶನ್ ಹೀಗಾಗುತ್ತೆ: ಎ, ಸಿ, ಇ, ಐ, ಎನ್, ಎನ್, ಓ, ಓ, ಆರ್, ಎಸ್, ಟಿ, ವಿ. ಕನ್ಸರ್ವೇಶನ್‌ನ ಜೋಡಿಸಿದ್ರೂ ಅದೇ ಸಾಲು ಬರುತ್ತೆ. ಡಿಕ್ಷನರಿಯಲ್ಲಿ ಯಾವ ಪದಗಳಿಗೆ ಒಂದೇ ಸಾಲು ಬರುತ್ತೋ ಅವೆಲ್ಲ ಒಂದೇ ಚೀಲದವು. ಜಾನ್ ಬೆಂಟ್ಲಿ 1986ರಲ್ಲಿ ತಂದ ‘ಪ್ರೋಗ್ರಾಮಿಂಗ್ ಪರ್ಲ್ಸ್’ ಪುಸ್ತಕದಲ್ಲಿ ಈ ಉಪಾಯದ ವಿವರಣೆ ಇದೆ. ಇವತ್ತಿಗೂ ಸಾಫ್ಟ್‌ವೇರ್ ಇಂಟರ್‌ವ್ಯೂಗಳಲ್ಲಿ ಇದನ್ನ ಕೇಳ್ತಾರೆ.

ಕಂಪ್ಯೂಟರ್‌ಗಿಂತ ಶತಮಾನಗಳಷ್ಟು ಮೊದಲೇ ಒಬ್ಬರು ಹೀಗೆ ಅಕ್ಷರ ಜೋಡಿಸಿದ್ದರು. ಪಿಯುಸಿ ಸೈನ್ಸ್ ಓದಿದವರಿಗೆ ಹುಕ್ಸ್ ಲಾ ನೆನಪಿರುತ್ತೆ, ಸ್ಪ್ರಿಂಗ್ ಎಳೆಯೋದು. ಇಂಗ್ಲೆಂಡಿನ ರಾಬರ್ಟ್ ಹುಕ್‌ಗೆ ಆ ನಿಯಮ ಹೊಳೆದಿತ್ತು, ಆದ್ರೆ ಆಗಲೇ ಬಿಟ್ಟುಕೊಡೋ ಮನಸ್ಸಿರಲಿಲ್ಲ. ಬೇರೆಯವರು "ನಾನೇ ಮೊದಲು" ಅನ್ನಬಾರದು ಅಂತಲೂ ಇತ್ತು. ಅದಕ್ಕೆ 1676ರಲ್ಲಿ, ಆ ನಿಯಮದ ಲ್ಯಾಟಿನ್ ವಾಕ್ಯದ 14 ಅಕ್ಷರಗಳನ್ನ ಎಬಿಸಿಡಿ ಕ್ರಮದಲ್ಲಿ ಜೋಡಿಸಿ ಅಚ್ಚು ಹಾಕಿಸಿದ್ರು. ಎರಡು ವರ್ಷ ಬಿಟ್ಟು 1678ರಲ್ಲಿ ಬಿಡಿಸಿ ಹೇಳಿದ್ರು: ‘ಉಟ್ ಟೆನ್ಸಿಯೋ, ಸಿಕ್ ವಿಸ್’. ಎಳೆತ ಎಷ್ಟೋ ಬಲ ಅಷ್ಟು ಅಂತ. ಅಕ್ಷರ ಎಲ್ಲಾ ಕಣ್ಣೆದುರೇ ಇದ್ರೂ, ಸಾಲು ಗೊತ್ತಿಲ್ಲದಿದ್ರೆ ಅರ್ಥ ಸಿಗಲ್ಲ ಅನ್ನೋ ಧೈರ್ಯ ಅವರಿಗೆ.

ಈಗ ಕಾಮರ್ಸ್ ಕಣ್ಣಿಂದ ನೋಡಿ. ಅಕ್ಷರಗಳ ಚೀಲ ಅಂದ್ರೆ ಟ್ರಯಲ್ ಬ್ಯಾಲೆನ್ಸ್ ಇದ್ದ ಹಾಗೆ. ಮೊತ್ತ ಸರಿ ಇದೆ, ಟ್ಯಾಲಿ ಆಗಿದೆ. ಆದ್ರೆ ರಮೇಶನ ಖಾತೆಗೆ ಹೋಗಬೇಕಾದ ಹಣ ಸುರೇಶನ ಖಾತೆಗೆ ಹೋಗಿದ್ರೆ? ಟ್ರಯಲ್ ಬ್ಯಾಲೆನ್ಸ್ ಆಗಲೂ ಟ್ಯಾಲಿ ಆಗೇ ಆಗುತ್ತೆ, ತಪ್ಪು ಒಳಗೇ ಕೂತಿರುತ್ತೆ. ಸ್ಪೆಲ್ ಚೆಕ್‌ನ ಕಥೆಯೂ ಇದೇ. ನೀವು ಬರೆದ ಪದ ತನ್ನ ಪಟ್ಟಿಯಲ್ಲಿದೆಯಾ ಅಂತ ಅದು ಮುಖ್ಯವಾಗಿ ನೋಡುತ್ತೆ. ‘ಟ್ರೇಲ್’ ಪಟ್ಟಿಯಲ್ಲಿದೆ, ಹಾಗಾಗಿ ಕೆಂಪು ಗೆರೆ ಇಲ್ಲ. ಈಗಿನ ಕೆಲವು ಆ್ಯಪ್‌ಗಳು ಅಕ್ಕಪಕ್ಕದ ಪದ ನೋಡಿ ಹೇಳುತ್ತವೆ, ಆದ್ರೆ ಎಲ್ಲಾ ಸಲ ಅಲ್ಲ.

ಕಣ್ಣಿಗೆ ಯಾಕೆ ಕಾಣಲ್ಲ? ಮೊದಲ, ಕೊನೆಯ ಅಕ್ಷರ ಸರಿ ಇದ್ರೆ ಸಾಕು, ಮಧ್ಯದ್ದು ಕಲಸಿದ್ರೂ ಓದಬಹುದು ಅಂತ ‘ಕೇಂಬ್ರಿಡ್ಜ್ ಸಂಶೋಧನೆ’ ಹೇಳುತ್ತೆ ಅನ್ನೋ ಫಾರ್ವರ್ಡ್ ನಿಮಗೂ ಬಂದಿರುತ್ತೆ. 2003ರಿಂದ ಸುತ್ತುತ್ತಿರೋ ಸಂದೇಶ ಅದು. ಅಂಥ ಸಂಶೋಧನೆ ಕೇಂಬ್ರಿಡ್ಜ್‌ನಲ್ಲಿ ನಡೆದಿರಲಿಲ್ಲ. ಆದ್ರೆ ಗ್ರಹಾಂ ರಾಲಿನ್ಸನ್ ಅನ್ನೋರು ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ 1976ರಲ್ಲಿ, ಪದ ಗುರುತಿಸೋಕೆ ಅಕ್ಷರದ ಜಾಗ ಎಷ್ಟು ಮುಖ್ಯ ಅಂತ ಪಿಎಚ್‌ಡಿ ಪ್ರಬಂಧ ಬರೆದಿದ್ದು ನಿಜ. ಅಭ್ಯಾಸ ಇರೋ ಪದವನ್ನ ನಾವು ಒಂದೊಂದೇ ಅಕ್ಷರ ಹಿಡಿದು ಎಣಿಸ್ತಾ ಓದಲ್ಲ. ಅಲ್ಲಿ ಏನಿರಬೇಕು ಅಂತ ಮನಸ್ಸಿಗೆ ಮೊದಲೇ ಗೊತ್ತಿರುತ್ತೆ, ಅದೇ ಕಾಣುತ್ತೆ. ಅದರಲ್ಲೂ ನಾವೇ ಬರೆದದ್ದಾದ್ರೆ ಕೇಳೋದೇ ಬೇಡ.

ಅಂದ್ರೆ ನಮ್ಮ ಹುಡುಗಿ ನಾಲ್ಕು ಸಲ ಚೆಕ್ ಮಾಡಿದ್ರೂ ಕಾಣಲಿಲ್ಲವಲ್ಲ, ಅದು ಆ ಪದ ಗೊತ್ತಿಲ್ಲದ್ದಕ್ಕೆ ಅಲ್ಲ. ಚೆನ್ನಾಗಿ ಗೊತ್ತಿದ್ದದ್ದಕ್ಕೆ.

ಕನ್ನಡದಲ್ಲಿ ಚೀಲವೇ ಬೇರೆ

ಕನ್ನಡದಲ್ಲೂ ಈ ಆಟ ಇದೆ. ‘ಗಮನ’ ಕಲಸಿದ್ರೆ ‘ಮಗನ’. ಮಗನ ಗಮನ ಮೊಬೈಲ್ ಮೇಲೆ ಅಂತ ಎಲ್ಲಾ ಅಮ್ಮಂದಿರೂ ಹೇಳ್ತಾರೆ. ‘ರಮಣ’ ಕಲಸಿದ್ರೆ ‘ಮರಣ’. ಮದುವೆ ಕಾಗದದಲ್ಲಿ ಇದು ಅದಲುಬದಲಾದ್ರೆ ದೇವರೇ ಗತಿ. ಹಿಂದೆ ಮುಂದೆ ಹೇಗೆ ಓದಿದ್ರೂ ಒಂದೇ ಆಗೋ ‘ಕುಬೇರನಿಗೇನಿರಬೇಕು’ ಸ್ಕೂಲಲ್ಲೇ ಕೇಳಿರ್ತೀರಿ.

ಆದ್ರೆ ಒಂದು ದೊಡ್ಡ ವ್ಯತ್ಯಾಸ ಇದೆ. ಕನ್ನಡದ ಅಕ್ಷರ ತನ್ನ ಸ್ವರವನ್ನ ಜೊತೆಗೇ ಕಟ್ಟಿಕೊಂಡು ಹೋಗುತ್ತೆ. ‘ಬೇ’ ಎಲ್ಲಿ ಕೂತ್ರೂ ‘ಬೇ’ ಅಂತಲೇ ಓದ್ತೀವಿ. ಇಂಗ್ಲಿಷ್‌ನ ಎ ಹಾಗಲ್ಲ, ಜಾಗ ಬದಲಾದ್ರೆ ದನಿಯೇ ಬದಲು. ಟ್ರಯಲ್‌ನಲ್ಲಿ ಒಂದು, ಟ್ರೇಲ್‌ನಲ್ಲಿ ಇನ್ನೊಂದು. ನುಡಿದಂತೆ ಬರೆಯೋದನ್ನ ಹತ್ತು ವರ್ಷ ಕಲಿತು ಬಂದವರಿಗೆ, ಸಾಲನ್ನೇ ಬಾಯಿಪಾಠ ಮಾಡಬೇಕಾದ ಭಾಷೆ ಕಷ್ಟ ಅನಿಸಿದ್ರೆ ಅದರಲ್ಲಿ ನಾಚಿಕೆ ಏನಿದೆ?

ತಮಾಷೆ ಏನಂದ್ರೆ, ಇಂಗ್ಲಿಷ್‌ಗೆ ಬರೆದ ಆ ಕಂಪ್ಯೂಟರ್ ಉಪಾಯ ಕನ್ನಡಕ್ಕೆ ಹಾಗೇ ಹಾಕಿದ್ರೆ ಅದೂ ಎಡವುತ್ತೆ. ‘ಕನ್ನಡ’ ನಮಗೆ ಮೂರು ಅಕ್ಷರ. ಯೂನಿಕೋಡ್‌ನಲ್ಲಿ ಐದು ತುಂಡು: ಕ, ನ, ವಿರಾಮ ಚಿಹ್ನೆ, ನ, ಡ. ಬರೀ ತುಂಡುಗಳನ್ನ ಜೋಡಿಸಿದ್ರೆ ಒತ್ತು, ಗುಣಿತ ಎಲ್ಲಾ ಕಿತ್ತುಕೊಂಡು ಬರುತ್ತೆ. ಮೊದಲು ಅವನ್ನ ಅಕ್ಷರಗಳಾಗಿ ಕಟ್ಟಬೇಕು, ಆಮೇಲೆ ಕಲಸಬೇಕು. ಬೇರೆ ಭಾಷೆಗೆ ಬಂದಾಗ ಕಂಪ್ಯೂಟರ್‌ಗೂ ಹೊಸದಾಗಿ ಹೇಳಿಕೊಡಬೇಕು!

ಹಾಗಾದ್ರೆ ಏನ್ ಮಾಡೋದು?

ಪದಕ್ಕೆ ಒಂಬತ್ತರ ಮಗ್ಗಿ ಇಲ್ಲ. ಹಾಗಾಗಿ ನಮ್ಮ ಕಾವಲು ನಾವೇ ಇಟ್ಟುಕೊಳ್ಳಬೇಕು. ನಾನು ಮಾಡೋದು ಮೂರು ಕೆಲಸ.

ಒಂದು, ನಿಮ್ಮದೇ ಪಟ್ಟಿ. ಆಫೀಸ್ ಬರವಣಿಗೆಯಲ್ಲಿ ಕೈ ಕೊಡೋ ಜೋಡಿಗಳು ತುಂಬಾ ಇಲ್ಲ. ಟ್ರಯಲ್ ಮತ್ತು ಟ್ರೇಲ್. ಫಾರ್ಮ್ ಮತ್ತು ಫ್ರಮ್. ಕ್ವೈಟ್ ಮತ್ತು ಕ್ವಯಟ್. ಹಾಲಿನ ಡೇರಿ ಮತ್ತು ದಿನಚರಿಯ ಡೈರಿ. ಒಗ್ಗೂಡಿದ ಯುನೈಟೆಡ್ ಮತ್ತು ಬಿಚ್ಚಿಹೋದ ಅನ್‌ಟೈಡ್. ರಜೆ ಕೇಳುವಾಗ ‘ಕ್ಯಾಶುಯಲ್ ಲೀವ್’ ಅಂತ ಬರೀರಿ, ಎಸ್ ಮತ್ತು ಯು ಅದಲುಬದಲಾದ್ರೆ ‘ಕಾಸಲ್ ಲೀವ್’, ‘ಕಾರಣಾತ್ಮಕ ರಜೆ’ ಆಗುತ್ತೆ. ಮೇಲ್ ಕಳಿಸೋ ಮುಂಚೆ ಪಟ್ಟಿಯ ತಪ್ಪು ಪದಗಳನ್ನ ಸರ್ಚ್ ಹಾಕಿ. ಒಂದು ನಿಮಿಷದ ಕೆಲಸ.

ಎರಡು, ಕಿವಿಗೆ ಕೊಡಿ. ಕಣ್ಣಿಗೆ ಟ್ರಯಲ್ ಮತ್ತು ಟ್ರೇಲ್ ಅವಳಿ ಮಕ್ಕಳು. ಕಿವಿಗೆ ಹಾಗಲ್ಲ. ಫೋನ್‌ನಲ್ಲಿ ಬರಹವನ್ನ ಗಟ್ಟಿಯಾಗಿ ಓದಿಸೋ ಸೌಲಭ್ಯ ಇರುತ್ತೆ, ರೆಸ್ಯೂಮೆನ ಅದರ ಕೈಲಿ ಓದಿಸಿ. ಏನಿರಬೇಕು ಅಂತ ಅದು ಊಹಿಸಲ್ಲ, ಏನಿದೆಯೋ ಅದನ್ನೇ ಓದುತ್ತೆ.

ಮೂರು, ಪದದ ಹೊಟ್ಟೆಯೊಳಗೆ ನೋಡಿ. ಕಾನ್ವರ್ಸೇಶನ್‌ನಲ್ಲಿ ವಿ ಮೊದಲು, ಕನ್ಸರ್ವೇಶನ್‌ನಲ್ಲಿ ಎಸ್ ಮೊದಲು. ನನ್ನ ಗುರುತು ಕನ್ನಡದ್ದೇ: ಸಂರಕ್ಷಣೆಗೆ ‘ಸ’ ಮೊದಲು, ಹಾಗಾಗಿ ಅಲ್ಲಿ ಎಸ್ ಮೊದಲು. ಇದು ಹೊಳೆದ ಮೇಲೆ ಆ ಪದದಲ್ಲಿ ನಾನು ತಪ್ಪಿಲ್ಲ. ಇಂಗ್ಲಿಷ್ ಸ್ಪೆಲಿಂಗ್ ನೆನಪಿಡೋಕೆ ಕನ್ನಡ ಅಡ್ಡಿ ಅಲ್ಲ, ಕೊಕ್ಕೆ. ನೇತುಹಾಕೋಕೆ ಬಳಸಿಕೊಳ್ಳಿ.

ಆ ವಾಯ್ಸ್ ಮೆಸೇಜ್ ಕಳಿಸಿದ ತಂಗಿಗೆ: ರೆಸ್ಯೂಮೆಯಲ್ಲಿ ಎರಡು ಅಕ್ಷರ ಸರಿ ಮಾಡು, ಮತ್ತೆ ಕಳಿಸು. ನಾನು ಮಾಡಿದ ಹಾಗೆ ಎರಡು ತಿಂಗಳು ಸುಮ್ಮನೆ ಕೂರಬೇಡ. ಮುಂದಿನ ಇಂಟರ್‌ವ್ಯೂನಲ್ಲಿ ಯಾರಾದ್ರೂ ಅದನ್ನೇ ಎತ್ತಿದ್ರೆ ಹೇಳು: "ಸರ್, ಅದು ಟ್ರಾನ್ಸ್‌ಪೊಸಿಷನ್ ಎರರ್, ಹುಡುಕಿ ಸರಿ ಮಾಡಿದೀನಿ." ಅಕೌಂಟ್ಸ್ ಕೆಲಸಕ್ಕೆ ಬೇಕಾಗಿರೋದು ಅದೇ ತಾನೇ?

ಉಳಿದವರಿಗೆ ಹೋಮ್‌ವರ್ಕ್. ‘ಎಜುಕೇಶನ್’ ಪದದ ಒಂಬತ್ತು ಅಕ್ಷರ ಕಲಸಿದ್ರೆ ಇನ್ನೆರಡು ಇಂಗ್ಲಿಷ್ ಪದ ಬರ್ತವೆ. ಒಂದರ ಅರ್ಥ ‘ಹರಾಜು ಹಾಕಿದರು’, ಇನ್ನೊಂದರ ಅರ್ಥ ‘ಎಚ್ಚರಿಸಿದರು’. ಹುಡುಕಿ ಕಳಿಸಿ. ಜೊತೆಗೆ ನಿಮ್ಮ ಕೈ ಕೊಟ್ಟ ಜೋಡಿ ಯಾವುದು ಅಂತಲೂ ಹೇಳಿ. ನಾವು ಯಾರೂ ನಗಲ್ಲ, ಪಟ್ಟಿಗೆ ಸೇರಿಸ್ತೀವಿ.

ಮುಂದಿನ ವಾರ ಸಿಗೋಣ. ನಮಸ್ಕಾರ.